ಸೊಸೆಗೆ ಬಂದ ಮಾವನ ಹೆಸರು

ನಮ್ಮಮ್ಮ ಅಪ್ಪಯ್ಯನ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ರೇಷನ್ ಕಾರ್ಡಿನವರು, ಜನಗಣತಿಗೆ ಬಂದ ಮೇಷ್ಟ್ರು, ಯಾರೇ ಬಂದು ‘ಯಜಮಾನರ ಹೆಸರೇನಮ್ಮಾ’ ಎಂದು ಕೇಳಿದರೂ ಅಂಗಳದಲ್ಲಿ ಆಡುತ್ತಿದ್ದ ನನ್ನನ್ನೋ ತಮ್ಮನನ್ನೋ ಕರೆದು ‘ಹೇಳಾ’ ಎನ್ನುತ್ತಿದ್ದಳು. ಮದುವೆಯಾಗಿ ಹೊಸಿಲು ದಾಟುವಾಗ ಒಡಪು ಕಟ್ಟಿ ಒಂದೇ ಒಂದು ಸಲ ಹೇಳಿದ್ದಳಂತೆ. ಅಷ್ಟೇ. ತೀರ್ಥಹಳ್ಳಿ ಕಡೆ ಅವಳ ವಯಸ್ಸಿನ ಎಷ್ಟೋ ಹೆಂಗಸರು ಹೀಗೇ.

ಈಗ ಅದೇ ಹೆಸರು ನನ್ನ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇರುವ ಜಾಗದಲ್ಲಿದೆ. ಅವಳು ಜಪಾನಿನವಳು. ನಾವಿರುವುದು ನಗೋಯಾದಲ್ಲಿ. ಇದನ್ನು ಅಮ್ಮನೂ ಓದುತ್ತಾಳೆ, ಹಾಗಾಗಿ ಆ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಅದು ‘ಲ’ ಅಕ್ಷರದಿಂದ ಶುರುವಾಗುತ್ತದೆ ಎಂದು ತಿಳಿದಿದ್ದರೆ ಸಾಕು. ಆ ‘ಲ’ ನಮ್ಮನ್ನು ಜಾಸ್ತಿಯೇ ಓಡಾಡಿಸಿತು.

ಊರಲ್ಲಿ ನನಗೆ ಸರ್‌ನೇಮ್ ಎನ್ನುವುದೇ ಇರಲಿಲ್ಲ. ಶಾಲೆಯ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಆಮೇಲೆ ನನ್ನ ಹೆಸರು. ಮೊದಲನೆಯದು ಊರು, ಎರಡನೆಯದು ಅಪ್ಪ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ನನಗಾಗ 22 ವರ್ಷ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಅರ್ಜಿ ತುಂಬಿಸಿದೆ. ಅಲ್ಲಿದ್ದವರು ನನ್ನನ್ನು ಏನೂ ಕೇಳದೆ ಅಪ್ಪಯ್ಯನ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹೊಡೆದರು. ನಾನು ಓದದೆ ಸಹಿ ಹಾಕಿದೆ. ಆಗ ಅದು ದೊಡ್ಡ ವಿಷಯ ಅಂತ ಅನ್ನಿಸಲೇ ಇಲ್ಲ. ಎಲ್ಲಿಯವರೆಗೆ? ಮದುವೆಯ ಕಾಗದಗಳನ್ನು ಹೆಂಡತಿ ಜಪಾನಿಗೆ ಅನುವಾದ ಮಾಡಲು ಕೂತ ದಿನದವರೆಗೆ.

ಇಲ್ಲಿ ಮದುವೆ ನೋಂದಾಯಿಸುವುದು ವಾರ್ಡ್ ಕಚೇರಿಯಲ್ಲಿ. ನಾನು ಮದುವೆಯಾಗಲು ಅಡ್ಡಿ ಏನೂ ಇಲ್ಲ ಎಂದು ತೋರಿಸುವ ಕಾಗದವನ್ನು ಭಾರತದ ರಾಯಭಾರ ಕಚೇರಿಯಿಂದ ತರಬೇಕು. ಜನನ ಪ್ರಮಾಣಪತ್ರವೂ ಬೇಕು. ಎಲ್ಲದಕ್ಕೂ ಜಪಾನಿ ಅನುವಾದ ಜೊತೆಗಿರಬೇಕು. ಅನುವಾದವನ್ನು ಯಾರು ಬೇಕಾದರೂ ಮಾಡಿ ತಮ್ಮ ಹೆಸರು ಬರೆಯಬಹುದು. ಹಾಗಾಗಿ ಅವಳೇ ಕೂತಳು. ಜನನ ಪತ್ರದಲ್ಲಿ ನನ್ನ ಹೆಸರು ಒಂದು ಸಾಲಿನಲ್ಲಿ, ಅಪ್ಪಯ್ಯನದು ಇನ್ನೊಂದು ಸಾಲಿನಲ್ಲಿ. ಪಾಸ್‌ಪೋರ್ಟಿನಲ್ಲಿ ಎರಡೂ ಸೇರಿ ನಾನೊಬ್ಬನೇ. ‘ಇದರಲ್ಲಿ ನಿಮ್ಮ ಮನೆತನದ ಹೆಸರು ಯಾವುದು?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಜಪಾನಿನಲ್ಲಿ ಈ ಪ್ರಶ್ನೆಗೆ ತುಂಬಾ ತೂಕವಿದೆ. ಅಲ್ಲಿ ಕೊಸೆಕಿ ಎಂಬ ದಾಖಲೆ ಇರುತ್ತದೆ. ನಮ್ಮ ನಾಡಕಚೇರಿಯ ವಂಶವೃಕ್ಷ, ಜನನ, ಮದುವೆ, ಮರಣ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟ ಹಾಗೆ. ಒಂದು ಕೊಸೆಕಿಯಲ್ಲಿ ಇರುವವರಿಗೆಲ್ಲ ಒಂದೇ ಸರ್‌ನೇಮ್. ಜಪಾನಿನವರು ತಮ್ಮೊಳಗೇ ಮದುವೆಯಾದರೆ ಗಂಡ ಹೆಂಡತಿ ಒಂದೇ ಸರ್‌ನೇಮ್ ಇಟ್ಟುಕೊಳ್ಳಲೇಬೇಕು. ಈ ಪದ್ಧತಿ 1898ರ ಕಾನೂನಿನಿಂದ ಬಂದದ್ದು. ಈಗಿನ ನಿಯಮದ ಪ್ರಕಾರ ಗಂಡನದು, ಹೆಂಡತಿಯದು ಯಾವುದನ್ನು ಬೇಕಾದರೂ ಆರಿಸಬಹುದು. ಆದರೆ ನೂರರಲ್ಲಿ ಸುಮಾರು 95 ಜೋಡಿಗಳಲ್ಲಿ ಬದಲಾಯಿಸುವುದು ಹೆಂಡತಿಯೇ. ಇದನ್ನು ಪ್ರಶ್ನಿಸಿ ಹೆಂಗಸರು ಕೋರ್ಟಿಗೆ ಹೋದರು. 2015ರಲ್ಲೂ 2021ರಲ್ಲೂ ಅಲ್ಲಿನ ಸುಪ್ರೀಂ ಕೋರ್ಟು ಈ ನಿಯಮ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಹೇಳಿತು.

ಹೊರದೇಶದವರನ್ನು ಮದುವೆಯಾದರೆ ಮಾತ್ರ ಈ ಕಟ್ಟು ಇಲ್ಲ. ಸುಮ್ನೆ ಇದ್ದರೆ ಅವಳ ಹೆಸರು ಅವಳದೇ ಆಗಿ ಉಳಿಯುತ್ತದೆ. ಬದಲಾಯಿಸಬೇಕು ಎಂದರೆ ಮದುವೆಯಾದ 6 ತಿಂಗಳೊಳಗೆ ಒಂದು ಅರ್ಜಿ ಕೊಟ್ಟರೆ ಮುಗಿಯಿತು. ಆ ಗಡುವು ದಾಟಿದರೆ ಕುಟುಂಬ ನ್ಯಾಯಾಲಯದ ಅನುಮತಿ ಬೇಕು. ‘ನನ್ನ ಗೆಳತಿಯರಿಗೆ ಸಿಗದ ಆಯ್ಕೆ ನನಗೆ ಸಿಕ್ಕಿದೆ. ಅವಸರ ಮಾಡುವುದಿಲ್ಲ’ ಎಂದಳು. ಸರಿಯಾದ ಮಾತು. ನಾನು ಬೇಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹೆಸರು ಅವಳದು. ಹೇಳಬೇಕಾದವಳು ಅವಳೇ.

ಡಿಸೆಂಬರಿನಲ್ಲಿ ನೋಂದಣಿ ಆಯಿತು. ಅಂದರೆ ಜೂನ್‌ವರೆಗೆ ಸಮಯ. ಕೊಸೆಕಿಯ ಕಿಟಕಿಯಲ್ಲಿದ್ದ ಹಿರಿಯರು ಆ ದಿನವೇ ಒಂದು ಮಾತು ಕೇಳಿದ್ದರು. ‘ನಿಮ್ಮ ಈ ಸರ್‌ನೇಮ್ ಮಕ್ಕಳಿಗೂ ಬರುವಂಥದ್ದೇ?’ ನಮ್ಮ ಪದ್ಧತಿಯಲ್ಲಿ ಬರುವುದಿಲ್ಲವಲ್ಲ! ನನ್ನ ಮಕ್ಕಳಿಗೆ ಇನಿಷಿಯಲ್ ಆಗಿ ಬರಬೇಕಾದದ್ದು ನನ್ನ ಹೆಸರು, ಅಜ್ಜನದಲ್ಲ. ಆದರೆ ಇಲ್ಲಿ ಮಗು ಸೇರುವುದು ತಾಯಿಯ ಕೊಸೆಕಿಗೆ, ಅದಕ್ಕೆ ಬರುವುದು ತಾಯಿಯ ಸರ್‌ನೇಮ್. ಅವಳು ನನ್ನದನ್ನು ತೆಗೆದುಕೊಂಡರೆ ಅಪ್ಪಯ್ಯನ ಹೆಸರು ಮೊಮ್ಮಕ್ಕಳಿಗೂ ಮರಿಮಕ್ಕಳಿಗೂ ಹೋಗುತ್ತದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂಗಡಿಯಲ್ಲಿ ಎರಡು ನಿಮಿಷದಲ್ಲಿ ತುಂಬಿದ ಒಂದು ಸಾಲು ಎಲ್ಲಿಗೆ ಬಂದು ನಿಂತಿತು ನೋಡಿ.

ಮಾರ್ಚಿನಲ್ಲಿ ಊರಿಗೆ ಹೋದೆವು. ಬೆಂಗಳೂರಿನಿಂದ ಶಿವಮೊಗ್ಗದ ರೈಲು ಭದ್ರಾವತಿ ದಾಟುವಾಗ ಅವಳಿಗೆ ಕಬ್ಬಿಣದ ಕಾರ್ಖಾನೆಯ ಕತೆ ಹೇಳಿದೆ. ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರನ್ನೂ ಬಿಡಿಸಿ ಹೇಳಿದೆ. ‘ಎಂ’ ಅಂದರೆ ಮೋಕ್ಷಗುಂಡಂ. ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಮೋಕ್ಷಗುಂಡಂ ಅವರ ಹಿರಿಯರ ಊರು, ಆಂಧ್ರದಲ್ಲಿದೆ. ಹಿರಿಯರು ಬಿಟ್ಟು ಬಂದ ಊರು ಹೆಸರಿನ ಮೊದಲಕ್ಷರವಾಗಿ ಉಳಿಯಿತು. ಅವಳಿಗೆ ಇದು ಥಟ್ಟನೆ ಹಿಡಿಸಿತು. ಜಪಾನಿನ ಸರ್‌ನೇಮ್‌ಗಳಲ್ಲೂ ಜಾಗದ ಹೆಸರುಗಳೇ ಜಾಸ್ತಿ. ತಾನಾಕಾ ಅಂದರೆ ಗದ್ದೆಯ ನಡು. ಯಾಮಾಶಿತಾ ಅಂದರೆ ಗುಡ್ಡದ ಬುಡ. ನಾಕಾಮುರಾ ಅಂದರೆ ನಡುವಿನ ಹಳ್ಳಿ. ಸಾಮಾನ್ಯ ಜನರೆಲ್ಲ ಸರ್‌ನೇಮ್ ಇಟ್ಟುಕೊಳ್ಳಲೇಬೇಕು ಎಂದು ಅಲ್ಲಿ ಆದೇಶವಾದದ್ದು 1875ರಲ್ಲಿ. ನಮ್ಮಲ್ಲಿ ಗದ್ದೆಮನೆಯವರು, ಮೇಲಿನಮನೆಯವರು ಅನ್ನುವುದಿಲ್ವಾ, ಹಾಗೇ.

‘ಹಾಗಾದರೆ ನಿಮ್ಮ ಮನೆಗೂ ಹೆಸರಿದೆಯಾ?’ ಎಂದಳು. ಇದೆ. ಆ ಹೆಸರು ಪಾಸ್‌ಪೋರ್ಟಿನಲ್ಲಿ ಇರಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಬದಲಾಯಿಸಲು ಯೋಚಿಸಿದೆ. ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ಗೆಜೆಟ್, ಹೊಸ ಪಾಸ್‌ಪೋರ್ಟ್, ಆಮೇಲೆ ಜಪಾನಿನ ವಾಸದ ಕಾರ್ಡು, ಬ್ಯಾಂಕು, ಕಂಪನಿ. ಜೂನ್ ಒಳಗೆ ಆಗುವ ಕೆಲಸವಲ್ಲ. ಕೈಬಿಟ್ಟೆ.

ಅಪ್ಪಯ್ಯನಿಗೆ ಜಗುಲಿಯಲ್ಲಿ ಕೂತು ಎಲ್ಲ ಹೇಳಿದೆ. ಅವರು ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆಯಿಂದ ತೋಟದ ಕಾಗದಗಳನ್ನು ತಂದರು. ಪಹಣಿಯಲ್ಲಿ ಅವರ ಹೆಸರು, ಪಕ್ಕದಲ್ಲಿ ‘ಬಿನ್’, ಆಮೇಲೆ ಅಜ್ಜನ ಹೆಸರು. ಹಳೆಯ ಕ್ರಯಪತ್ರದಲ್ಲಿ ಅಜ್ಜಿಯ ಹೆಸರು, ಪಕ್ಕದಲ್ಲಿ ‘ಕೋಂ’, ಆಮೇಲೆ ಅಜ್ಜನ ಹೆಸರು. ಬಿನ್ ಅಂದರೆ ಇಂಥವರ ಮಗ. ಕೋಂ ಅಂದರೆ ಇಂಥವರ ಹೆಂಡತಿ. ‘ನೋಡು, ಅಜ್ಜಿ ಹೆಸರು ಅಜ್ಜಿದೇ ಇತ್ತು. ಯಾರೂ ಬದಲಾಯಿಸ್ಲಿಲ್ಲ. ಪಕ್ಕದಲ್ಲಿ ಇವರು ಅಂತ ಬರೆದ್ರು ಅಷ್ಟೆ. ಈ ಹುಡುಗಿಗೆ ಎಂತಕ್ಕೆ ನನ್ನ ಹೆಸರಿನ ಭಾರ?’ ಎಂದರು. ನಾನು ಅನುವಾದಿಸಿದೆ. ಅವಳು ಆ ಕಾಗದವನ್ನು ತುಂಬಾ ಹೊತ್ತು ನೋಡಿದಳು. ಅವಳ ಕೊಸೆಕಿಯಲ್ಲಿ ನಾನಿರುವುದೂ ಹೀಗೇ. ಹೊರದೇಶದವನಿಗೆ ಸ್ವಂತ ಕೊಸೆಕಿ ಇಲ್ಲ. ಮೊದಲ ಹೆಸರು ಅವಳದು, ಅವಳ ವಿವರದಲ್ಲಿ ‘ಇಂಥವರನ್ನು ಮದುವೆಯಾಗಿದ್ದಾಳೆ’ ಎಂದು ನನ್ನ ಹೆಸರು.

ಅವಳ ಮನಸ್ಸು ಬದಲಾದದ್ದು ಕಾಗದದಿಂದಲ್ಲ, ಬಸ್ಸಿನಿಂದ. ಒಂದು ದಿನ ತೀರ್ಥಹಳ್ಳಿ ಪೇಟೆಯಿಂದ ಒಬ್ಬಳೇ ವಾಪಸ್ ಬಂದಳು. ಭಾಷೆ ಬರುವುದಿಲ್ಲ. ಎಲ್ಲಿ ಇಳಿಯಬೇಕು ಎಂದು ಕಂಡಕ್ಟರ್ ಕೇಳಿದಾಗ ಅಪ್ಪಯ್ಯನ ಹೆಸರು ಹೇಳಿದ್ದಾಳೆ. ಅವರು ನಮ್ಮ ಮನೆಯ ದಣಪೆಯ ಎದುರೇ ಬಸ್ಸು ನಿಲ್ಲಿಸಿದರು. ಇಳಿಯುವಾಗ ಹಿಂದಿನ ಸೀಟಿನ ಅಜ್ಜಿಯೊಬ್ಬರು ಅವಳ ಕೈಚೀಲ ದಾಟಿಸಿ ‘ಅವರ ಸೊಸೆಯಾ’ ಎಂದು ನಕ್ಕರಂತೆ. ಸೊಸೆ ಎಂಬ ಮಾತು ಮಾತ್ರ ಅವಳಿಗೆ ಗೊತ್ತಿತ್ತು. ರಾತ್ರಿ ನನಗೆ ಹೇಳಿದಳು: ‘ಆ ಒಂದು ಹೆಸರು ಹೇಳಿದರೆ ಇಲ್ಲಿ ನಾನು ಮನೆ ಸೇರುತ್ತೇನೆ. ಅದು ನನಗಿರಲಿ.’

ನಗೋಯಾಕ್ಕೆ ಬಂದು ಮೇ ತಿಂಗಳಲ್ಲಿ ಅರ್ಜಿ ಕೊಟ್ಟಳು. ಒಂದೇ ಹಾಳೆ. ಕೊಸೆಕಿಯಲ್ಲಿ ಹೊಸ ಹೆಸರು ಬರಲು ಕೆಲವು ದಿನ ಬೇಕು, ಅದು ಬರುವವರೆಗೆ ಬೇರೆ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ. ಆಮೇಲೆ ವಾಸದ ದಾಖಲೆ, ನಮ್ಮ ಆಧಾರ್‌ನಂಥ ಮೈ ನಂಬರ್ ಕಾರ್ಡು, ಡ್ರೈವಿಂಗ್ ಲೈಸೆನ್ಸ್, ಬ್ಯಾಂಕು, ಕೊನೆಗೆ ಪಾಸ್‌ಪೋರ್ಟು. ಇಲ್ಲಿ ಸಹಿಯ ಬದಲು ಸರ್‌ನೇಮ್ ಇರುವ ಮುದ್ರೆ ಒತ್ತುವುದುಂಟು. ಅಂಗಡಿಗಳಲ್ಲಿ ತಾನಾಕಾ, ಸುಜುಕಿ ಅಂತ ಸಿದ್ಧ ಮುದ್ರೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ನಮ್ಮ ಹೆಸರಿನದು ಎಲ್ಲಿ ಸಿಗಬೇಕು? ಹೇಳಿ ಮಾಡಿಸಿದೆವು.

ಪಾಸ್‌ಪೋರ್ಟಿನಲ್ಲೇ ಆ ‘ಲ’ ಎದುರಾದದ್ದು. ಜಪಾನಿ ಭಾಷೆಯಲ್ಲಿ ಲ ಇಲ್ಲ, ರ ಮಾತ್ರ. ಲಕ್ಷ್ಮಣ ಎಂದು ಬರೆಯಹೊರಟರೆ ‘ರಕುಶುಮನ’ ಆಗುತ್ತದೆ. ಹೊರದೇಶದ ಸರ್‌ನೇಮ್ ಕೊಸೆಕಿಯಲ್ಲಿ ಕಾತಾಕಾನಾ ಎಂಬ, ಹೊರಗಿನ ಪದಗಳನ್ನು ಬರೆಯುವ ಜಪಾನಿ ಲಿಪಿಯಲ್ಲಿ ಹೋಗುತ್ತದೆ. ಪಾಸ್‌ಪೋರ್ಟಿಗೆ ಅದನ್ನೇ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸುತ್ತಾರೆ. ಸುಮ್ನೆ ಬಿಟ್ಟಿದ್ದರೆ ನನ್ನ ಸರ್‌ನೇಮ್ ‘ಎಲ್’ನಿಂದ, ಅವಳದು ‘ಆರ್’ನಿಂದ ಶುರುವಾಗುತ್ತಿತ್ತು. ಒಂದಾಗಲಿ ಎಂದು ಬದಲಾಯಿಸಿದ ಹೆಸರು ಎರಡಾಗುತ್ತಿತ್ತು. ಗಂಡನ ಪಾಸ್‌ಪೋರ್ಟಿನಲ್ಲಿ ಇರುವ ಕಾಗುಣಿತವೇ ಬೇಕು ಎಂದು ಆಧಾರ ತೋರಿಸಿ ಕೇಳಲು ಅವಕಾಶವಿದೆ. ಮೊದಲೇ ಕೇಳಬೇಕು. ಒಮ್ಮೆ ಆರಿಸಿದ ಕಾಗುಣಿತವನ್ನು ಆಮೇಲೆ ಬದಲಿಸಲು ಸಾಮಾನ್ಯವಾಗಿ ಬಿಡುವುದಿಲ್ಲ.

ನಮ್ಮ ಕಡೆಯಿಂದ ಬಂದು ಇಲ್ಲಿ ಮದುವೆಯಾಗುವವರಿಗೆ ಒಂದು ಮಾತು. ನಿಮ್ಮ ಭಾರತದ ಪಾಸ್‌ಪೋರ್ಟಿಗೆ ಹೆಂಡತಿಯ ಹೆಸರು ಸೇರಿಸಲು ಅವಸರ ಮಾಡಬೇಡಿ. ಅದಕ್ಕೆ ಹೊಸ ಪಾಸ್‌ಪೋರ್ಟನ್ನೇ ಮಾಡಿಸಬೇಕು. ಅವರ ಹೆಸರು ಇತ್ಯರ್ಥವಾಗುವ ಮೊದಲೇ ಹೋದರೆ ಎರಡು ಸಲ ಮಾಡಿಸಬೇಕಾಗುತ್ತದೆ. ಹಳೆಯ ಹೆಸರು, ಹೊಸ ಹೆಸರು ಎರಡೂ ಇರುವ ಕೊಸೆಕಿ ಪ್ರತಿಗೆ ಅಪೊಸ್ಟಿಲ್, ಅಂದರೆ ಬೇರೆ ದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ, ಮಾಡಿಸಿ ಇಟ್ಟುಕೊಳ್ಳಿ. ಭಾರತೀಯರನ್ನು ಮದುವೆಯಾದವರು ಓಸಿಐ ಕಾರ್ಡಿಗೆ (ವೀಸಾ ಇಲ್ಲದೆ ಭಾರತಕ್ಕೆ ಬಂದು ಇರಲು ಬಿಡುವ ಕಾರ್ಡು) ಅರ್ಜಿ ಹಾಕಲು ಮದುವೆ ನೋಂದಣಿಯಾಗಿ 2 ವರ್ಷ ಆಗಿರಬೇಕು. ಮದುವೆ ಕಾಗದದಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದಾಗ ಇಬ್ಬರೂ ಒಬ್ಬರೇ ಎಂದು ತೋರಿಸಲು ಆ ಪ್ರತಿಯೇ ಬೇಕು.

ಇನ್ನೊಂದನ್ನು ಹೇಳದೆ ಬಿಟ್ಟರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಅವಳ ಅಮ್ಮನಿಗೆ ಸುದ್ದಿ ಹೇಳಿದಾಗ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಅವರಿಗೆ ಇವಳೊಬ್ಬಳೇ ಮಗಳು. ಆ ಮನೆಯ ಹೆಸರಿನಲ್ಲೂ ಗದ್ದೆ ಎಂಬ ಅಕ್ಷರವಿದೆ, ಅದು ಇವಳಲ್ಲಿಗೆ ನಿಂತಿತು. 2019ರ ನವೆಂಬರಿನಿಂದ ವಾಸದ ದಾಖಲೆಯಲ್ಲೂ ಮೈ ನಂಬರ್ ಕಾರ್ಡಿನಲ್ಲೂ ತವರಿನ ಹೆಸರನ್ನು ಜೊತೆಗೆ ಬರೆಸಿಕೊಳ್ಳುವ ಅವಕಾಶ ಬಂದಿದೆ. ಅವಳು ಬರೆಸಿದ್ದಾಳೆ. ಆಫೀಸಿನಲ್ಲಿ ಇವತ್ತಿಗೂ ಆ ಹೆಸರಿನಲ್ಲೇ ಕೆಲಸ ಮಾಡುತ್ತಾಳೆ. ಅತ್ತೆಗೆ ಆ ಕಾರ್ಡನ್ನು ತೋರಿಸಿದಾಗ ಅದರ ಮೇಲೆ ಬೆರಳಿಟ್ಟು ಓದಿದರು.

ಮೊನ್ನೆ ತಮ್ಮ ಫೋನ್ ಮಾಡಿದ್ದ. ಅವನ ಮಗನಿಗೆ ಪಾಸ್‌ಪೋರ್ಟ್ ಮಾಡಿಸಬೇಕಂತೆ. ಅರ್ಜಿ ತುಂಬುವ ಮೊದಲು ಎಲ್ಲರೂ ಜಗುಲಿಯಲ್ಲಿ ಕೂತು ಸರ್‌ನೇಮ್ ಜಾಗಕ್ಕೆ ಏನು ಬರೆಯಬೇಕು ಎಂದು ಮಾತಾಡಿ ಎಂದೆ. ಶಾಲೆಯ ದಾಖಲೆಯಲ್ಲೂ ಆಧಾರ್‌ನಲ್ಲೂ ಅದೇ ಇರುವ ಹಾಗೆ ನೋಡಿಕೋ ಎಂದೆ. ಮನೆಯ ಹೆಸರನ್ನೇ ಹಾಕುತ್ತಾರಂತೆ. ಅಂದರೆ ಅಣ್ಣ ತಮ್ಮಂದಿರ ಮಕ್ಕಳಿಗೆ ಬೇರೆ ಬೇರೆ ಸರ್‌ನೇಮ್ ಆಗುತ್ತದೆ. ಇದು ನನ್ನನ್ನು ಸ್ವಲ್ಪ ಕಾಡುತ್ತಿದೆ.

ಅದೇ ಕರೆಯಲ್ಲಿ ಅಮ್ಮ ಫೋನ್ ತೆಗೆದುಕೊಂಡಳು. ಆಸ್ಪತ್ರೆಗೆ ಹೋದರೆ ಸೊಸೆಯನ್ನು ಅಲ್ಲಿ ಏನೆಂದು ಕರೆಯುತ್ತಾರೆ ಎಂದು ಅವಳಿಗೆ ತಿಳಿಯಬೇಕಿತ್ತು. ‘ಸರ್‌ನೇಮ್ ಹಿಡಿದೇ ಕರೆಯುತ್ತಾರೆ’ ಎಂದೆ.

‘ಅಯ್ಯೋ, ಇವರ ಹೆಸರು ಹಿಡ್ದಾ? ಎಲ್ಲರ ಎದುರಿಗಾ?’

‘ಬರೀ ಹೆಸರಲ್ಲ ಅಮ್ಮಾ. ಹಿಂದೆ ಸಾನ್ ಅಂತ ಸೇರಿಸ್ತಾರೆ. ನಾವು ಅವರೇ ಅಂತೀವಲ್ಲ, ಹಂಗೆ.’

ಅಮ್ಮ ಒಂದು ಗಳಿಗೆ ಸುಮ್ಮನಿದ್ದಳು. ‘ಹಂಗಾರೆ ಅಡ್ಡಿಲ್ಲ’ ಎಂದಳು.