ಮೇಷ್ಟ್ರ ಜೇಬಿನ ಹುಣಸೆ ಬೀಜ

ಗಣಿತದ ಮೇಷ್ಟ್ರು ಹೋಗಿಬಿಟ್ಟರು ಎಂದು ಗೆಳೆಯ ಫೋನ್ ಮಾಡಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಅವರ ಜುಬ್ಬಾದ ಜೇಬು. ಅದರಲ್ಲಿ ಸದಾ ಹುಣಸೆ ಬೀಜ ಇರುತ್ತಿತ್ತು. ಅವರು ಕಲಿಸಿದ ಪ್ರಮೇಯಗಳಲ್ಲಿ ಒಂದೂ ಈಗ ನೆಟ್ಟಗೆ ನೆನಪಿಲ್ಲ.

ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ಕೇಂದ್ರ ಸರ್ಕಾರ 1984ರಲ್ಲಿ ಶುರು ಮಾಡಿದ ‘ಕ್ಲಾಸ್’ ಯೋಜನೆಯಿಂದ ನಮ್ಮ ಶಾಲೆಗೂ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂತು. ಮೆಮೊರಿ 32 ಕೆಬಿ. ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಹೋದ ಹಾಗೆ ಒಳಗೆ ಹೋಗಬೇಕು. ಪ್ರೋಗ್ರಾಂ ಕ್ಯಾಸೆಟ್ಟಿನಿಂದ ಇಳಿಯಬೇಕು; ಟೇಪ್ ರೆಕಾರ್ಡರ್ ಕೀರಲು ದನಿಯಲ್ಲಿ ಅರಚುವಷ್ಟು ಹೊತ್ತೂ ಯಾರೂ ಮೇಜು ಮುಟ್ಟುವಂತಿಲ್ಲ.

ಅದರಲ್ಲಿ ನಮ್ಮನ್ನು ಹಿಡಿದಿಟ್ಟದ್ದು ‘ನಿಮ್’ ಆಟ. ಮೂರು ಗುಂಪು ಕಾಯಿ, ಇಬ್ಬರು ಸರದಿಯಂತೆ ಆಡಬೇಕು. ಒಂದು ಸಲಕ್ಕೆ ಒಂದೇ ಗುಂಪಿನಿಂದ ಎಷ್ಟು ಬೇಕಾದರೂ ತೆಗೆಯಬಹುದು. ಕೊನೆಯದನ್ನು ತೆಗೆದವರು ಗೆದ್ದರು. ಇದರ ಗುಟ್ಟನ್ನು ಹಾರ್ವರ್ಡಿನ ಚಾರ್ಲ್ಸ್ ಬೌಟನ್ 1901ರಲ್ಲೇ ಬಿಡಿಸಿಟ್ಟಿದ್ದ. 1951ರಲ್ಲಿ ಇಂಗ್ಲೆಂಡಿನ ಫೆರಾಂಟಿ ಕಂಪನಿ ಈ ಆಟಕ್ಕೆಂದೇ ‘ನಿಮ್ರಾಡ್’ ಎಂಬ ಯಂತ್ರ ಕಟ್ಟಿತ್ತು ಎಂದು ಮೇಷ್ಟ್ರು ಹೇಳುತ್ತಿದ್ದರು. ನಮ್ಮ ಕಂಪ್ಯೂಟರೂ ಸೋಲುತ್ತಿರಲಿಲ್ಲ. ನಮಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಬ್ಬರು ಕಿಟಕಿ ದಾಟಿ ಒಳಗೆ ಹೋದೆವು. ‘ಲಿಸ್ಟ್’ ಎಂದು ಒತ್ತಿದರೆ ಪ್ರೋಗ್ರಾಂ ಸಾಲುಸಾಲಾಗಿ ಪರದೆಯ ಮೇಲೆ. ಮೂರು ಗುಂಪುಗಳನ್ನೂ ‘ಇಓಆರ್’ ಎಂಬ ಪದ ಜೋಡಿಸುತ್ತಿದ್ದುದನ್ನು ಕಂಡುಹಿಡಿದವನು ನಾನೇ. ಅದರ ‘ಇ’ ಅಳಿಸಿದೆ. ಉಳಿದದ್ದು ‘ಓಆರ್’. ಅದೂ ಕಂಪ್ಯೂಟರಿಗೆ ಗೊತ್ತಿರುವ ಪದವೇ, ಕೆಲಸ ಮಾತ್ರ ಬೇರೆ. ಅಲ್ಲಿಂದ ಕಂಪ್ಯೂಟರಿಗೆ ಒಂದೇ ಗುಂಪು ಉಳಿದಾಗ ಮಾತ್ರ ಗೆಲುವಿನ ದಾರಿ ಕಾಣುತ್ತಿತ್ತು. ಅಲ್ಲಿಯವರೆಗೆ ಕೈಗೆ ಸಿಕ್ಕಷ್ಟು ತೆಗೆಯುತ್ತಿತ್ತು. ಇಡೀ ತರಗತಿ ಗೆದ್ದಿತು.

ಮೇಷ್ಟ್ರು ಎರಡು ಆಟ ಆಡಿದರು, ಲಿಸ್ಟ್ ಒತ್ತಿದರು. “‘ಇ’ ತಿಂದ ಹೆಗ್ಗಣ ಯಾವುದೋ?” ಎದ್ದು ನಿಂತೆ. ಬೆತ್ತಕ್ಕೆ ಅಂಗೈ ಚಾಚಿದರೆ ಅದರೊಳಗೆ ಹುಣಸೆ ಬೀಜ ಸುರಿದರು. “ಕದ್ದದ್ದು ಏನು ಅಂತ ಕದ್ದವನಿಗೆ ಗೊತ್ತಿರಬೇಕು, ಕೂತ್ಕೋ.”

ಮೂರು, ನಾಲ್ಕು, ಐದು ಬೀಜದ ಗುಂಪು ಮಾಡಿಸಿದರು. ಪ್ರತಿ ಗುಂಪನ್ನೂ ಒಂದು, ಎರಡು, ನಾಲ್ಕರ ತುಂಡಾಗಿ ಒಡೆಯಬೇಕು. ಮೂರು ಅಂದರೆ ಎರಡು ಮತ್ತು ಒಂದು. ಐದು ಅಂದರೆ ನಾಲ್ಕು ಮತ್ತು ಒಂದು. “ಈಗ ಜೋಡಿ ಹುಡುಕು.” ನಾಲ್ಕಕ್ಕೆ ನಾಲ್ಕು ಸಿಕ್ಕಿತು, ಒಂದಕ್ಕೆ ಒಂದು ಸಿಕ್ಕಿತು, ಎರಡು ಮಾತ್ರ ಒಂಟಿ. ಆ ಎರಡನ್ನು ತೆಗೆದರೆ ಉಳಿಯುವುದು ಒಂದು, ನಾಲ್ಕು, ಐದು. ಇನ್ನು ಯಾರು ಮೊದಲು ಕೈ ಹಾಕುತ್ತಾರೋ ಅವರಿಗೆ ಸೋಲು. ಮೈ ಜುಮ್ಮೆಂದಿತು. ‘ಇಓಆರ್’ ಮಾಡುತ್ತಿದ್ದುದು ಇದೇ ಜೋಡಿ ಹುಡುಕುವ ಕೆಲಸ.

ನನ್ನ ಮಗಳ ಶಾಲೆಯಲ್ಲಿ ಕೋಡಿಂಗಿಗೇ ಬೇರೆ ಪೀರಿಯಡ್ ಇದೆ. ಬಣ್ಣದ ಚೌಕಗಳನ್ನು ಜೋಡಿಸುತ್ತಾಳೆ, ಆಟ ಓಡುತ್ತದೆ. ಯಾಕೆ ಓಡಿತು ಎಂದು ಕೇಳುವ ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಮೂವತ್ತು ವರ್ಷದ ಸಾಫ್ಟ್‌ವೇರ್ ಕೆಲಸದಲ್ಲಿ, ತಂಡವೆಲ್ಲ ಕೈಚೆಲ್ಲಿದ ತಪ್ಪುಗಳನ್ನು ನಾನು ಹಿಡಿದುಕೊಟ್ಟಿದ್ದೇನೆ. ಆ ಕಣ್ಣು ಕೊಟ್ಟವರು ಅವರು.

ಎರಡು ವರ್ಷದ ಹಿಂದೆ ದೀಪಾವಳಿಗೆ ಹೋದಾಗ ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ನಡುಗುವ ಕೈಯಲ್ಲಿ ಚಾಪೆಯ ಮೇಲೆ ಬೀಜ ಇಟ್ಟರು: ಒಂದು, ನಾಲ್ಕು, ಐದು.

“ಮೊದಲು ನೀನು ಆಡು.”

“ಇಲ್ಲ ಸಾರ್, ನೀವೇ ಮೊದಲು.”

ಕೆಮ್ಮು ಬರುವಷ್ಟು ನಕ್ಕರು. “ಇವನಿಗೆ ಇನ್ನೂ ನೆನಪಿದೆ ಕಣೇ, ಕಾಫಿ ಕೊಡು” ಎಂದು ಒಳಗೆ ಕೂಗಿದರು.