ಪ್ರಾಮಾಣಿಕತೆ ಬೇಕಾಗುವುದು ನೋಟ್‌ಬುಕ್ಕಿನಲ್ಲಿ

ಬರಹಗಾರನಿಗೆ ಸತ್ಯ, ವಿನಯ, ತಾಳ್ಮೆ ಇರಬೇಕು ಅಂತ ವೇದಿಕೆ ಮೇಲೆ ಹೇಳಿ ಕೂರುವುದು ಸುಲಭ. ಅದನ್ನು ಕೇಳಿ ಯಾರ ಬರವಣಿಗೆಯೂ ತಿದ್ದಿಕೊಂಡ ಹಾಗೆ ಕಾಣೆ. ಒಳ್ಳೆಯ ಗುಣ ಬರವಣಿಗೆಗೆ ಇಳಿಯುವುದು ಕೆಲಸದ ರೂಢಿಯಿಂದ, ಅದೂ ಮೊದಲ ವಾಕ್ಯ ಬರೆಯುವುದಕ್ಕೆ ಎಷ್ಟೋ ಮುಂಚೆ.

ಕೃತಿಚೌರ್ಯವನ್ನೇ ನೋಡಿ. ಕದ್ದೇ ಬರೆಯುತ್ತೇನೆ ಅಂತ ಕೂರುವವರು ಕಡಿಮೆ. ಹೆಚ್ಚಾಗಿ ಆಗುವುದು ಹೀಗೆ: ಊರ ದೇವಸ್ಥಾನದ ಬಗ್ಗೆ ಲೇಖನಕ್ಕೆಂದು ಗ್ರಂಥಾಲಯದಲ್ಲಿ ನಾಲ್ಕು ಪುಸ್ತಕದಿಂದ ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಉದ್ಧರಣ ಚಿಹ್ನೆ ಇಲ್ಲ, ಪುಟಸಂಖ್ಯೆ ಇಲ್ಲ. ಮೂರು ತಿಂಗಳು ಬಿಟ್ಟು ತೆಗೆದರೆ ಎಲ್ಲ ವಾಕ್ಯವೂ ಒಂದೇ ಕೈಬರಹದಲ್ಲಿ ಇರುವುದರಿಂದ ಎಲ್ಲವೂ ತಮ್ಮದೇ ಅನ್ನಿಸುತ್ತದೆ. ಇದಕ್ಕೆ ಮದ್ದು ಬಹಳ ಸರಳ. ನೋಟ್‌ಬುಕ್ಕಿನ ಎಡಪುಟ ಬೇರೆಯವರ ಮಾತಿಗೆ, ಬಲಪುಟ ನಿಮ್ಮ ಯೋಚನೆಗೆ. ಎಡಪುಟದಲ್ಲಿ ಮೊದಲು ಲೇಖಕರ ಹೆಸರು, ಪುಸ್ತಕ, ಮುದ್ರಣದ ವರ್ಷ, ಪುಟ; ಆಮೇಲೆ ವಾಕ್ಯ. ವಾಕ್ಯ ಬರೆದ ಮೇಲೆ ವಿವರ ಹಾಕೋಣ ಅಂದುಕೊಂಡರೆ ಅದು ಆಗುವುದಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆಯುವವರು ಮೊದಲು ಶೀರ್ಷಿಕೆ ಪುಟ, ಅದರ ಹಿಂದಿನ ಮುದ್ರಣ ವಿವರದ ಪುಟ, ನಂತರ ಬೇಕಾದ ಪುಟ, ಈ ಕ್ರಮ ಬಿಡಬಾರದು.

ಮುದ್ರಣದ ವರ್ಷ ಯಾಕೆ ಅಂದರೆ, ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಹಾಸನ ಜಿಲ್ಲೆಯ ಶಾಸನಗಳು ಬಿ.ಎಲ್. ರೈಸರ 1902ರ ಆವೃತ್ತಿಯಲ್ಲಿ ಐದನೆಯ ಸಂಪುಟ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರಿನವು ಒಂಬತ್ತನೆಯ ಸಂಪುಟಕ್ಕೆ ಹೋಗಿವೆ. ಬರೀ ‘ಸಂಪುಟ 5’ ಅಂತ ಬರೆದರೆ ನಂತರ ಹುಡುಕುವವರು ತಪ್ಪು ಪುಸ್ತಕ ತೆರೆಯುತ್ತಾರೆ.

ಕೇಳಿದ ಮಾತಿಗೂ ಗುರುತು ಬೇಕು. ‘ಹಿರಿಯರು ಹೇಳುತ್ತಾರೆ’ ಅಂದರೆ ಯಾವ ಹಿರಿಯರು? ಹೆಸರು, ಊರು, ಮಾತಾಡಿದ ತಾರೀಖು ಬರೆದಿಟ್ಟುಕೊಳ್ಳಿ, ಲೇಖನದಲ್ಲಿ ಹಾಕದಿದ್ದರೂ ಸರಿ. ಬೇಲೂರಿನ ದೇವಸ್ಥಾನದ ಬಗ್ಗೆ ಬರೆಯುವ ಅರ್ಧದಷ್ಟು ಜನ ಶಿಲ್ಪಿ ಜಕಣಾಚಾರಿಯ ಕಥೆಯನ್ನು ಇತಿಹಾಸದ ಹಾಗೇ ಬರೆದುಬಿಡುತ್ತಾರೆ. ಕಥೆ ಚೆನ್ನಾಗಿದೆ, ಬೇಡ ಅನ್ನುವುದಿಲ್ಲ. ‘ಐತಿಹ್ಯ’ ಅನ್ನುವ ಒಂದು ಪದ ಸೇರಿಸಿ. ಅದರ ಪಕ್ಕದಲ್ಲೇ, ಅಲ್ಲಿನ ಶಿಲ್ಪಗಳ ಕೆಳಗೆ ಹೆಸರು ಕೆತ್ತಿಸಿಕೊಂಡಿರುವ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರನ್ನೂ ನೆನೆಯಿರಿ. ಕಲ್ಲಿನಲ್ಲೇ ಸಹಿ ಇರುವವರನ್ನು ಬಿಟ್ಟು ಬರೆಯುವುದು ಅನ್ಯಾಯ.

ನಮ್ಮ ಹಾಸನ ಜಿಲ್ಲೆಯ ಹಲ್ಮಿಡಿಯದೂ ಇದೇ ಕಥೆ. ಸುಮಾರು ಕ್ರಿ.ಶ. 450ರ ಆ ಶಾಸನವನ್ನು ಕನ್ನಡದ ಅತಿ ಹಳೆಯದೆಂದು ಬಹಳ ಕಾಲ ಒಪ್ಪಿಕೊಂಡು ಬಂದಿದ್ದರು. ತಾಳಗುಂದದಲ್ಲಿ ಇನ್ನೊಂದು ಶಾಸನ ಸಿಕ್ಕ ಮೇಲೆ ಆ ಮಾತಿಗೆ ತಕರಾರು ಬಂದಿದೆ. ಎರಡನ್ನೂ ಹೇಳಬೇಕು, ನಮ್ಮ ಜಿಲ್ಲೆಯದು ಅನ್ನುವ ಅಭಿಮಾನ ಎಷ್ಟಿದ್ದರೂ. ಇನ್ನೊಂದು, ಊರಿನಲ್ಲಿ ನಿಲ್ಲಿಸಿರುವುದು ಪ್ರತಿಕೃತಿ, ಮೂಲ ಕಲ್ಲು ಮೈಸೂರಿನಲ್ಲಿದೆ. ಹಲ್ಮಿಡಿಗೆ ಹೋಗಿ ‘ಸಾವಿರದೈನೂರು ವರ್ಷದ ಕಲ್ಲನ್ನು ಮುಟ್ಟಿದೆ’ ಅಂತ ಬರೆದರೆ ತಿಳಿದವರು ಅಲ್ಲಿಗೇ ಓದುವುದನ್ನು ನಿಲ್ಲಿಸುತ್ತಾರೆ.

ಕಥೆ ಕಾದಂಬರಿಗೂ ಈ ಲೆಕ್ಕದಿಂದ ವಿನಾಯಿತಿ ಇಲ್ಲ. ಡಿಸೆಂಬರ್ ಚಳಿಯಲ್ಲಿ ಕಾಫಿ ಹೂವಿನ ಘಮ ಬಂತು ಅಂತ ಬರೆದರೆ ಸಕಲೇಶಪುರದವರು ನಗುತ್ತಾರೆ. ಡಿಸೆಂಬರಿನಲ್ಲಿ ಅರೇಬಿಕಾ ಹಣ್ಣು ಕೊಯ್ಲು ನಡೆದಿರುತ್ತದೆ. ಕಾಫಿ ಹೂ ಅರಳಿಸುವ ‘ಹೂ ಮಳೆ’ ಬರುವುದು ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂ ಅರಳುತ್ತದೆ.

ಇನ್ನು ಬದುಕಿರುವ ಜನರ ಬಗ್ಗೆ ಬರೆಯುವುದು. ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು ಇದೇ. ಮಲೆನಾಡಿನ ಊರುಗಳಲ್ಲಿ ಹೆಸರು ಬದಲಾಯಿಸಿದರೆ ಏನೂ ಪ್ರಯೋಜನವಿಲ್ಲ. ‘ಕೊಪ್ಪದ ಹತ್ತಿರದ, ಮೂರು ಹೆಣ್ಣುಮಕ್ಕಳಿರುವ ನಿವೃತ್ತ ಮೇಷ್ಟ್ರು’ ಅಂದರೆ ಸಾಕು, ಯಾರ ಮನೆ ಅಂತ ಬಸ್‌ಸ್ಟ್ಯಾಂಡಿನಲ್ಲೇ ಗೊತ್ತಾಗುತ್ತದೆ. ಊರು, ಉದ್ಯೋಗ, ಮನೆಮಂದಿಯ ಲೆಕ್ಕ ಮೂರನ್ನೂ ಬದಲಾಯಿಸಿ. ಬದಲಾಯಿಸಿದರೆ ಕಥೆಯೇ ನಿಲ್ಲುವುದಿಲ್ಲ ಅನ್ನಿಸಿದರೆ ಅವರನ್ನೇ ಕೇಳಿ. ಕಥೆಯಲ್ಲ, ಲೇಖನ ಅಂತಾದರೆ ವಿವರ ತಿರುಚುವ ಹಾಗಿಲ್ಲ. ಬಿಡಬಹುದು, ಬಿಟ್ಟಿದ್ದೇನೆ ಅಂತ ಹೇಳಬಹುದು, ಅಷ್ಟೇ. ಅವರ ಮಾತಿರುವ ಭಾಗವನ್ನು ಅಚ್ಚಿಗೆ ಮುಂಚೆ ಅವರಿಗೆ ಓದಿ ಹೇಳಿ. ತಪ್ಪು ತಿದ್ದಿಕೊಳ್ಳಿ, ಅಭಿಪ್ರಾಯ ನಿಮ್ಮದಾಗಿಯೇ ಇರಲಿ.

ತೋಟದ ಕೆಲಸದವರ ಬಗ್ಗೆ ಬರೆಯುವವರು ಸಾಹುಕಾರರ ಅಂಗಳದಲ್ಲಿ ಮಾತಾಡಿಸಬಾರದು. ತೋಟದ ಲೆಕ್ಕ ಬರೆಯುವ ರೈಟರು ಎದುರಿಗಿದ್ದರೆ ಕೂಲಿಯ ವಿಚಾರ ಯಾರೂ ಬಾಯಿ ಬಿಡುವುದಿಲ್ಲ. ಕೆಲಸದವರು ಸಾಲಾಗಿ ವಾಸಿಸುವ ಲೈನ್ ಮನೆಗೆ ಕೆಲಸ ಬಿಟ್ಟ ಮೇಲೆ ಹೋಗಬೇಕು, ಅದೂ ಅಡುಗೆ ಹೊತ್ತು ಬಿಟ್ಟು. ಬರೆಯುವಾಗ ಯಜಮಾನರಿಗೆ ಗ್ರಾಂಥಿಕ ಕನ್ನಡ, ಕೆಲಸದವರಿಗೆ ಮಾತ್ರ ಆಡುಮಾತು ಕೊಡುವ ಚಾಳಿಯೊಂದಿದೆ. ಯಜಮಾನರೂ ‘ಬತ್ತೀನಿ, ಹೋಯ್ತೀನಿ’ ಅನ್ನುವವರೇ. ಇಬ್ಬರಿಗೂ ಒಂದೇ ಅಳತೆ ಇರಲಿ.

ಶಿಸ್ತಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಕೊಯ್ಲಿನ ತಿಂಗಳಲ್ಲಿ ದಿನಕ್ಕೆ ಸಾವಿರ ಪದ ಅಂತ ಶಪಥ ಮಾಡಿದರೆ ವಾರಕ್ಕೆ ನಿಲ್ಲುತ್ತದೆ. ಇನ್ನೂರು ಪದ ಸಾಕು, ನಿನ್ನೆಯದನ್ನು ತಿದ್ದುವುದಕ್ಕೆ ಮುಂಚೆ ಇವತ್ತಿನದು ಬರೆಯಿರಿ.

ಪತ್ರಿಕೆಗೆ ಕಳಿಸುವಾಗ ಒಂದು ಬರಹ ಒಂದು ಕಡೆಗೆ ಮಾತ್ರ. ಸಂಪಾದಕರ ಹೊತ್ತಿಗೂ ಬೆಲೆ ಕೊಡಿ: ಯೂನಿಕೋಡ್‌ನಲ್ಲಿ ಕಳಿಸಿ. ಹಳೆಯ ‘ನುಡಿ’ ತಂತ್ರಾಂಶದ ಕಡತವನ್ನು ಪರಿವರ್ತಿಸಿದರೆ ಅರ್ಕಾವೊತ್ತು ಜಾಗ ತಪ್ಪಬಹುದು, ಆದ್ದರಿಂದ ಒಮ್ಮೆ ಪೂರ್ತಿ ಓದಿಯೇ ಕಳಿಸಬೇಕು. ಬರಹ ಅಚ್ಚಾದ ಮೇಲೆ ತಪ್ಪು ಕಂಡರೆ ಓದುಗರು ಹೇಳಲಿ ಅಂತ ಕಾಯದೆ ನೀವೇ ತಿದ್ದುಪಡಿ ಬರೆದು ಕಳಿಸಿ.

ವಿನಯದ ಹೆಸರಿನಲ್ಲಿ ನಮ್ಮವರು ಮುಜುಗರ ಪಡುವ ಒಂದು ಜಾಗವಿದೆ, ಪ್ರಕಾಶಕರ ಹತ್ತಿರ ಕರಾರು ಕೇಳುವುದು. ‘ಪುಸ್ತಕ ಹಾಕ್ತಾರಲ್ಲ, ಅದೇ ದೊಡ್ಡದು’ ಅನ್ನುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತಲೂ, ಪ್ರದೇಶ ಬರೆಯದಿದ್ದರೆ ಭಾರತ ಅಂತಲೂ ಅರ್ಥ. ಹಕ್ಕು ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಹೇಳಿರದ ಪಕ್ಷದಲ್ಲಿ, ಅದು ನಿಮಗೆ ವಾಪಸ್. ಅಚ್ಚು ಹಾಕುವ ಪ್ರತಿಗಳೆಷ್ಟು, ಗೌರವಧನ ಶೇಕಡಾ ಎಷ್ಟು, ಲೆಕ್ಕ ಕೊಡುವುದು ಯಾವ ತಿಂಗಳು, ಇಷ್ಟನ್ನು ಹಸ್ತಪ್ರತಿ ಕೊಡುವುದಕ್ಕೆ ಮುಂಚೆಯೇ ಬರೆಸಿಕೊಳ್ಳಿ. ಪ್ರಕಾಶಕರು ಸ್ನೇಹಿತರಾಗಿದ್ದರಂತೂ ತಪ್ಪಿಸಬೇಡಿ.