ಮಂಜರಾಬಾದಿನ ಎಂಟು ಮೂಲೆ: ಹೊರಡೋ ಮುಂಚೆ ಮ್ಯಾಪ್ ಇಳಿಸಿಕೊಳ್ಳಿ

ಮಂಜರಾಬಾದ್ ಕೋಟೆ ಇರೋದು ಸಕಲೇಶಪುರದ ಹತ್ತಿರ, ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿ.ಮೀ. ಹಾಸನ ಬಿಡುವ ಮುಂಚೆಯೇ ಆ ಕಡೆಯ ಮ್ಯಾಪನ್ನು ಆಫ್‌ಲೈನಿಗೆ ಇಳಿಸಿಕೊಂಡುಬಿಡಿ. ನಾವು ಇಳಿಸಿಕೊಂಡಿರಲಿಲ್ಲ. ಹೋಂಸ್ಟೇ ಹುಡುಕುವಾಗ ನೆಟ್‌ವರ್ಕ್ ಹೋಗಿ, ಬರೀ ಬೂದು ಪರದೆಯ ಮೇಲೆ ನಾವಿರುವ ಜಾಗ ತೋರಿಸುವ ನೀಲಿ ಚುಕ್ಕೆಯೊಂದೇ ಉಳಿಯಿತು. ಜಿಪಿಎಸ್‌ಗೆ ಇಂಟರ್ನೆಟ್ ಬೇಡ, ಅದು ಉಪಗ್ರಹದಿಂದ ನೇರ ಬರುತ್ತೆ. ಡೇಟಾ ಬೇಕಾಗೋದು ನಕ್ಷೆಗೆ. ಕೊನೆಗೆ ನಿಂತಿದ್ದು ಬೀಗ ಹಾಕಿದ ಕಾಫಿ ತೋಟದ ಗೇಟಿನ ಮುಂದೆ. "ಮ್ಯಾಪ್ ನೋಡ್ಕೊಂಡು ಬಂದ್ರಾ ಅಣ್ಣ? ಇದು ತೋಟದ ದಾರಿ, ಆಚೆ ಹೋಗಲ್ಲ" ಅಂದರು ತೋಟದ ಲೆಕ್ಕ ನೋಡಿಕೊಳ್ಳುವ ರೈಟರು. ತೋಟದೊಳಗಿನ ದಾರಿಯೂ ಪರದೆಯಲ್ಲಿ ಊರದಾರಿ ಥರಾನೇ ಕಾಣುತ್ತೆ. ಹೆದ್ದಾರಿ ಬಿಟ್ಟ ಮೇಲೆ ಒಬ್ಬರನ್ನಾದರೂ ಕೇಳಿ.

ಕೋಟೆಗೆ ಮಾತ್ರ ಈ ತಾಪತ್ರಯ ಇಲ್ಲ, ಮಂಗಳೂರು ಹೆದ್ದಾರಿಗೇ ಅಂಟಿಕೊಂಡಿದೆ. ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರ. ಆದರೆ ಮೆಟ್ಟಿಲು ಹತ್ತಿ ಒಳಗೆ ನಿಂತರೆ ನಕ್ಷತ್ರ ಎಲ್ಲೂ ಕಾಣಲ್ಲ. ಹುಲ್ಲು, ಗೋಡೆ, ನಡುವೆ ಕೂಡು ಗುರುತಿನ ಆಕಾರದ ಮೆಟ್ಟಿಲುಕೊಳ, ಅಷ್ಟೇ. ಸ್ಯಾಟಲೈಟ್ ನೋಟ ತೆರೆದ ಮೇಲೆ ನನಗೆ ಮೈ ಜುಂ ಅಂತು. ನೀಲಿ ಚುಕ್ಕೆ ನಕ್ಷತ್ರದ ಒಂದು ಚೂಪಿನೊಳಗೆ ಕೂತಿತ್ತು. ಗೋಡೆ ಗುಂಟ ನಡೆದೆ, ಚುಕ್ಕೆಯೂ ಜೊತೆಗೇ ಬಂತು. ಒಳಗೆ ತಿರುಗು, ಹೊರಗೆ ತಿರುಗು, ಒಂದು ಮೂಲೆ, ಮತ್ತೆ ಹಾಗೇ. ಅಮ್ಮ ಕೊಳದ ಹತ್ತಿರ ಕೂತು ಎಣಿಸಿದರು, ಎಂಟಕ್ಕೆ ಸರಿಯಾಗಿ ಹೊರಟಲ್ಲಿಗೇ ಬಂದಿದ್ದೆ. ಬಯಲಲ್ಲಿ ಚುಕ್ಕೆ ಸುಮಾರು 5 ಮೀಟರ್ ಆಚೀಚೆ ಆಗುತ್ತೆ. ಕಲ್ಲಿನ ನೆಲಮಾಳಿಗೆಗೆ ಇಳಿದರಂತೂ ಚುಕ್ಕೆ ದಿಕ್ಕೆಟ್ಟು ಗೋಡೆಯಾಚೆ ಹಾರಿತು. ಪಾಚಿಗಟ್ಟಿದ ಗೋಡೆ ಮೇಲೆ ಫೋನ್ ನೋಡುತ್ತಾ ನಡೀಬೇಡಿ, ನಿಂತು ನೋಡಿ. ಆಫ್‌ಲೈನ್ ಮ್ಯಾಪಲ್ಲಿ ಸ್ಯಾಟಲೈಟ್ ಚಿತ್ರ ಬರದೇ ಇರಬಹುದು, ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಜಿಪಿಎಸ್ ಥರಾನೇ ದಾರಿ ತೋರಿಸುವ ನಮ್ಮ ದೇಶದ್ದೇ ನಾವಿಕ್ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರ ಇರೋದೂ ಇದೇ ಹಾಸನದಲ್ಲಿ ಅನ್ನೋದು ನನಗೆ ದೊಡ್ಡ ಹೆಮ್ಮೆ.

ಮಾರನೇ ದಿನ ಶೆಟ್ಟಿಹಳ್ಳಿ ಚರ್ಚಿಗೆ ಹೋಗೋರಿದ್ದರೆ ಒಂದು ಮಾತು. ಅದು ಹೇಮಾವತಿ ಹಿನ್ನೀರಿನ ಜಾಗ. ಸ್ಯಾಟಲೈಟ್ ಚಿತ್ರ ಯಾವತ್ತೋ ತೆಗೆದದ್ದು. ಅದರಲ್ಲಿ ಒಣನೆಲ ಕಂಡ ಕಡೆ ಮಳೆಗಾಲದಲ್ಲಿ ನೀರು ನಿಂತಿರುತ್ತೆ. ದಾರಿಯಲ್ಲಿ ಟೀ ಅಂಗಡಿಯವರನ್ನು ಕೇಳಿ, ಆಮೇಲೆ ಗಾಡಿ ಇಳಿಸಿ.